ನಡುವಿನ ಗುಂಡಿ

ಕುಮಟೆಯ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಕಲಿತು ಹೋದವರು ದಿನೇಶನ ಬಗ್ಗೆ ಹೇಳುವ ದೂರು ಒಂದೇ. ತೆರೆಯ ಮೇಲೆ ಬಟನ್ ಬಿಡಿಸಿ ಅದರ ಹಿಂದೆ ಕೋಡ್ ಬರೆಯದೆ ಬಿಟ್ಟರೆ ಅವನು ಊಟಕ್ಕೂ ಏಳಗೊಡುವುದಿಲ್ಲ. "ನಾಳೆ ಬರಿತೆ ಸರ್" ಅಂದರೆ ಕೇಳುವುದಿಲ್ಲ. ಬೇರೇನೂ ತೋಚದಿದ್ದರೆ ಕುಂಯ್ ಅನ್ನುವ ಒಂದು ಸದ್ದಾದರೂ ಬರಬೇಕು, ಆಮೇಲೆ ಏಳಬಹುದು. ಬೇರೆ ಯಾವುದಕ್ಕೂ ಗದರದ ಮನುಷ್ಯ ಇದೊಂದಕ್ಕೆ ಯಾಕೆ ಹೀಗಾಡುತ್ತಾನೆ ಎಂದು ಅವರು ನನ್ನನ್ನು ಕೇಳುತ್ತಾರೆ. ನನಗೆ ಗೊತ್ತು. ಆದರೆ ಆ ಕತೆಯಲ್ಲಿ ನನ್ನ ಪಾಲೂ ಇದೆ, ಆದ್ದರಿಂದ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ನನ್ನ ಹೆಸರು ಮಹಾಲಕ್ಷ್ಮೀ. ಊರಿಗೆಲ್ಲ ಟೈಪಿಂಗ್ ಅಕ್ಕೋರು. ಇಪ್ಪತ್ತು ವರ್ಷ ಮಕ್ಕಳ ಬೆರಳಿಗೆ ಸ್ಕೇಲಿನಿಂದ ಹೊಡೆದು ಟೈಪಿಂಗ್ ಕಲಿಸಿದವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನೆದುರಿಗೇ ಹೇಳುತ್ತಾರೆ, ಹೇಳಲಿ. ತೊಂಬತ್ತೆಂಟರಲ್ಲಿ ಟೈಪ್‌ರೈಟರುಗಳನ್ನು ಮೂಲೆಗೆ ತಳ್ಳಿ ಮೂರು ಕಂಪ್ಯೂಟರ್ ತಂದು ಬೋರ್ಡು ಬದಲಿಸಿದೆ. ಅದರ ಮರುವರ್ಷ ದಿನೇಶ ಕಲಿಯಲು ಬಂದ. ವನ್ನಳ್ಳಿಯ ಹುಡುಗ, ಪಿಯುಸಿ ಮುಗಿಸಿದ್ದ, ಕೈಕಾಲು ತೆಳ್ಳಗೆ, ಮಾತು ಅದಕ್ಕಿಂತ ತೆಳ್ಳಗೆ. ಎರಡು ವರ್ಷದಲ್ಲಿ ನನಗಿಂತ ಹೆಚ್ಚು ಕಲಿತು ನನ್ನಲ್ಲೇ ಮಾಸ್ತರನಾದ.

ಅವನು ಪಾಠ ಮಾಡುವುದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಪ್ರೋಗ್ರಾಮು ಬರೆಯುವಾಗ ಮೊದಲು ತೆರೆಯ ಮೇಲೆ ಬಟನ್ ಬಿಡಿಸುತ್ತಾರೆ, ಅದು ನಿಜವಾದ ಬಟನ್ನಿನ ಹಾಗೇ ಕಾಣುತ್ತದೆ, ಒತ್ತಿದರೆ ಒಳಗೂ ಹೋಗುತ್ತದೆ. ಆದರೆ ಕೆಲಸ ಆಗುವುದಿಲ್ಲ. "ಗೋಡೆಗೆ ಬೆಲ್ಲಿನ ಸ್ವಿಚ್ಚು ಹೊಡೆದಾತು, ಒಳಗೆ ವಾಯರು ಎಳಿಲಿಲ್ಲ ಅಂದ್ರೆ ಎಂತ ಆಗ್ತದೆ? ಹೊರಗೆ ಬಂದವ ಒತ್ತತಾನೇ ಇರ್ತ, ಒಳಗಿದ್ದವಗೆ ಗೊತ್ತೇ ಆಗೂದಿಲ್ಲ" ಎನ್ನುತ್ತಿದ್ದ. ಹುಡುಗರು ನಗುತ್ತಿದ್ದರು. ಪಾಠ ಮಾಡಿದರೆ ಹೀಗೆ ಮಾಡಬೇಕು ಅಂದುಕೊಂಡು ನಾನು ಒಳಗೆ ಹೋಗುತ್ತಿದ್ದೆ.

ಎರಡು ಸಾವಿರದ ಎರಡರ ಜೂನಿನಲ್ಲಿ, ಹೊಸ ಬ್ಯಾಚಿಗೆ ಹೆಸರು ಹಚ್ಚಲು ತಂದೆತಾಯಂದಿರು ಬಂದು ಕೂತಿದ್ದ ಒಂದು ದಿನ, ಬಾಗಿಲಿನಲ್ಲಿ ಮೀನಿನ ವಾಸನೆ ಬಂತು. ನೋಡಿದರೆ ಒಬ್ಬ ಹೆಂಗಸು ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಒಳಗಿನ ಕಂಪ್ಯೂಟರುಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದಳು. ನನ್ನ ಸಿಟ್ಟು ನೆತ್ತಿಗೇರಿತು. "ಯಾರೇ ಅದು, ಬುಟ್ಟಿ ತಂದು ಬಾಗಿಲಲ್ಲಿ ಇಟ್ಟದ್ದು? ದಿನೇಶ, ಕಳ್ಸು ಅವಳನ್ನ!" ಎಂದು ಕೂಗಿದೆ. ದಿನೇಶ ಎದ್ದು ಹೋದ. ಬಾಗಿಲಿನಲ್ಲಿ ಒಂದು ಕ್ಷಣ ನಿಂತ. ಆಮೇಲೆ, "ಇವತ್ತು ಮೀನು ಬೇಡ. ಮುಂದೆ ಹೋಗು" ಎಂದ.

ಹೆಂಗಸು ಅವನ ಮುಖವನ್ನು ನೋಡಿದಳು. "ಆತು" ಎಂದಳು. ಬುಟ್ಟಿಯನ್ನು ತಾನೇ ತಲೆಗೇರಿಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಮಾಸ್ತಿಕಟ್ಟೆಯ ಕಡೆಯಿಂದ ಬಂಗಡೆ, ತಾರ್ಲೆ ಎಂದು ಕೂಗುವ ದೊಡ್ಡ ದನಿ ಕೇಳಿಸಿತು. ನಾನು ಫಾರಮ್ಮು ತುಂಬಿಸುವುದರಲ್ಲಿ ಮುಳುಗಿದೆ, ಅವತ್ತೇ ಮರೆತೂ ಬಿಟ್ಟೆ.

ನಾಲ್ಕು ವರ್ಷ ಕಳೆಯಿತು. ಎರಡು ಸಾವಿರದ ಆರರ ದೀಪಾವಳಿ ಕಳೆದ ವಾರ ದಿನೇಶ ಕೆಲಸಕ್ಕೆ ಬರಲಿಲ್ಲ. ಅವನ ಅಮ್ಮನಿಗೆ ಲಕ್ವ ಹೊಡೆದು ಮಾತು ನಿಂತಿದೆ ಎಂದು ಯಾರೋ ಹೇಳಿದರು. ತಂದೆ ಅವನ ಎಳೆವಯಸ್ಸಿನಲ್ಲೇ ತೀರಿಕೊಂಡಿದ್ದ, ಮನೆಯಲ್ಲಿ ಅವರಿಬ್ಬರೇ ಎಂಬುದು ಗೊತ್ತಿತ್ತು. ಹಣ್ಣು ಕಟ್ಟಿಸಿಕೊಂಡು ವನ್ನಳ್ಳಿಗೆ ಹೋದೆ. ಜಗಲಿಯ ಮಂಚದ ಮೇಲೆ ಮಲಗಿದ್ದವಳನ್ನು ನೋಡಿದ ಕೂಡಲೇ ಗುರುತು ಹತ್ತಿತು. ಬಾಗಿಲಲ್ಲಿ ಬುಟ್ಟಿ ಇಟ್ಟವಳು. ಅವಳ ಹೆಸರು ಗಂಗೆ. ಅವಳು ನನ್ನನ್ನು ನೋಡಿ, ಆಡುವ ಎಡಗೈಯನ್ನು ಎತ್ತಿ ನಮಸ್ಕಾರ ಮಾಡಲು ನೋಡಿದಳು. ನಾನು ಆ ಕೈಯನ್ನು ಹಿಡಿದು ಕೆಳಗಿಳಿಸಿದೆ.

ದಿನೇಶ ನನ್ನನ್ನು ತೆಂಗಿನ ಮರದ ಕೆಳಗೆ ಕರೆದುಕೊಂಡು ಹೋದ.

"ಅವತ್ತು ಅಮ್ಮ ಮೀನು ಮಾರೂಕೆ ಬಂದದ್ದಲ್ಲ, ಅಕ್ಕೋರೆ. ಕಂಪ್ಯೂಟರ್ ತೋರಿಸ್ತೆ, ಒಂದಿನ ಬಾ ಅಂತ ನಾನೇ ಕರ್ದಿದ್ದೆ" ಎಂದ.

"ಅಯ್ಯೋ, ನನ್ನ ಅಮ್ಮ ಅಂತ ಒಂದು ಮಾತು ಹೇಳೂಕೆ ಎಂತ ಆಗಿತ್ತೋ ನಿಂಗೆ?"

"ಅಷ್ಟು ಜನ ಕೂತಿದ್ದರು. ನೀವು ಕೂಗಿದ್ರಿ. ನಂಗೆ ನಾಚ್ಕೆ ಆತು." ಅವನು ನೆಲ ನೋಡುತ್ತಿದ್ದ. "ಅವಳು ಬೈಲಿಲ್ಲ, ಅಕ್ಕೋರೆ. ಅವತ್ತೂ ಅನ್ನ ಬಡಿಸಿದ್ಲು, ದಿನಾ ಬಡಿಸಿದ್ಲು. ಆದ್ರೆ ಅವತ್ತಿಂದ ನನ್ನ ಹೆಸರು ಹಿಡ್ದು ಕರಿಲಿಲ್ಲ. ಮೊದಲು ದಿನು, ದಿನು ಅಂತ ದಿನಕ್ಕೆ ನೂರು ಸಲ ಕರೀತಿದ್ಲು. ತಪ್ಪಾತು ಅಂತ ಹೇಳೂಕೆ ನಾಲ್ಕು ವರ್ಷ ನಂಗೆ ಬಾಯಿ ಬರ್ಲಿಲ್ಲ. ಈಗ ಹೇಳ್ದೆ. ಅವಳು ಮುಖ ಆಚೆ ತಿರುಗಿಸಿದ್ಲು. ಸಿಟ್ಟಿಗೆ ತಿರುಗಿಸಿದ್ದೋ, ಲಕ್ವದಿಂದ ತಿರುಗಿದ್ದೋ ಗೊತ್ತಾಗೂದಿಲ್ಲ."

ಬೈಯಬೇಕೆಂದು ಬಾಯಿ ತೆರೆದೆ. ಆ ದಿನ ಕೂಗಿದವಳು ನಾನು. ಯಾವ ಮುಖ ಇಟ್ಟುಕೊಂಡು ಬೈಯಲಿ?

ಹೊನ್ನಾವರದ ಡಾಕ್ಟರು ನೋಡಿ, ಬಲಗೈ ಮರಳುವುದು ಕಷ್ಟ, ಆದರೆ ಮಾತು ಒಂದೆರಡು ಬಂದರೂ ಬರಬಹುದು, ಕಾದು ನೋಡಿ ಎಂದಿದ್ದರು. ದಿನೇಶ ಆ ಒಂದೆರಡನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಒಂದೆರಡು ಸಾಕು, ಅಕ್ಕೋರೆ, ಎರಡು ಅಕ್ಷರ ಬಂದರೆ ಸಾಕು ಎನ್ನುತ್ತಿದ್ದ. ಅವನಿಗೆ ಬೇಕಾದದ್ದು ತನ್ನ ಹೆಸರು. ಬೇರೆ ಏನೂ ಬೇಡವಾಗಿತ್ತು.

ಅಲ್ಲಿಯ ತನಕ ಅವಳು ನೀರು ಬೇಕು, ನೋವಾಗುತ್ತದೆ ಅಂತಾದರೂ ಹೇಳುವ ಹಾಗೆ ಏನಾದರೂ ಮಾಡಬೇಕೆಂದು ಅವನ ತಲೆಗೆ ಹೊಕ್ಕಿತು. ಭಟ್ಕಳದ ಪೇಟೆಗೆ ಹೋಗಿ, ದುಬೈಯಿಂದ ಬಂದ ಬಣ್ಣದ ತೆರೆಯ ಹಳೆಯ ನೋಕಿಯಾ ಫೋನೊಂದನ್ನು ತಂದ. ಅದರ ಗುಂಡಿಗಳ ರಬ್ಬರು ಸವೆದಿತ್ತು, ಅಂಗಡಿಯವನ ಹತ್ತಿರ ಹೊಚ್ಚಹೊಸ ರಬ್ಬರು ಹಾಕಿಸಿಕೊಂಡ. ಫೋನಿನೊಳಗೆ ಓಡುವ ಪ್ರೋಗ್ರಾಮು ಬರೆಯುವುದನ್ನು ಪುಸ್ತಕ ನೋಡಿ ಕಲಿತ. ನಾಲ್ಕು ತಿಂಗಳು ನನ್ನ ಸೆಂಟರಿನಲ್ಲಿ ಕ್ಲಾಸು ಮುಗಿದ ಮೇಲೆ ಅದೇ ಕೆಲಸ. ತೆರೆಯ ಮೇಲೆ ಮೂರು ಸಾಲು, ಸಾಲಿಗೆ ಮೂರು ಚಿತ್ರ. ಫೋನಿನ ಒಂದರಿಂದ ಒಂಬತ್ತರವರೆಗಿನ ಗುಂಡಿಗಳೂ ಹಾಗೇ ಇರುತ್ತವಲ್ಲ. ಯಾವ ಚಿತ್ರ ಬೇಕೋ ಅದೇ ಜಾಗದ ಗುಂಡಿ ಒತ್ತಿದರಾಯಿತು, ಫೋನು ಮಾತಾಡುತ್ತದೆ. ಲೋಟದ ಚಿತ್ರಕ್ಕೆ ನೀರು, ಬಟ್ಟಲಿಗೆ ಗಂಜಿ, ಹಾಗೆ.

ಯಾರ ದನಿ ಹಾಕುವುದು? ಗಂಗೆಯ ಜೊತೆ ಮೂವತ್ತು ವರ್ಷ ಬುಟ್ಟಿ ಹೊತ್ತ ಗಣಪಿ ಪಕ್ಕದ ಮನೆಯಲ್ಲೇ ಇದ್ದಳು. ದಿನೇಶ ಅವಳಿಗೆ ಚಿಕ್ಕಿ ಎನ್ನುತ್ತಿದ್ದ. ಹಗಲು ಅವನು ಕೆಲಸಕ್ಕೆ ಬಂದಾಗ ಮೀನು ಮಾರಿ ಬಂದು ಗಂಗೆಯನ್ನು ನೋಡಿಕೊಳ್ಳುತ್ತಿದ್ದವಳೂ ಅವಳೇ. ಅವಳನ್ನು ನಮ್ಮ ಸೆಂಟರಿಗೇ ಕರೆತಂದ. ಈ ಸಲ ಬುಟ್ಟಿ ಸಮೇತ ಒಳಗೆ ಬರಹೇಳಿ ನಾನೇ ಕುರ್ಚಿ ಹಾಕಿದೆ. ಗಣಪಿ ಮೈಕಿನೆದುರು ಬೀದಿಯಲ್ಲಿ ಕೂಗುವಂತೆಯೇ ಕೂಗಿದಳು, "ನೀರು ಕೊಡ್ರೋ!" ನಾಲ್ಕು ಹುಡುಗರು ಎದ್ದು ನಿಂತರು. ಎಂಟನೇ ಗುಂಡಿಗೆ ಬಂಗಡೆಯ ಚಿತ್ರ, ಅದಕ್ಕೆ "ಇವತ್ತು ಎಂತ ಮೀನು ಬಂತೇ?" ಎಂಬ ಮಾತು. ಅದನ್ನು ಸೇರಿಸಿದ್ದು ಗಣಪಿಯೇ. ಇದಿಲ್ಲದೆ ಗಂಗೆ ಬದುಕುವುದಿಲ್ಲ ಎಂದಳು.

ನಡುವಿನ ಐದನೇ ಗುಂಡಿಗೆ ದಿನೇಶ ತನ್ನ ಫೋಟೋ ಹಾಕಿದ್ದ. "ಇದಕ್ಕೆ ಎಂತ ಹೇಳ್ಲಿ ಮಗಾ? ದಿನೂ, ಬಾ ಇಲ್ಲಿ ಅಂತ ಹೇಳ್ಲಾ?" ಎಂದು ಗಣಪಿ ಕೇಳಿದಳು.

"ಬೇಡ ಚಿಕ್ಕಿ. ಅದು ಇರ್ಲಿ."

ಗಣಪಿ ಹೋದ ಮೇಲೆ ನಾನು ಕೇಳಿದೆ, ಕೋಡ್ ಇಲ್ಲದ ಬಟನ್ ಇಡುತ್ತೀಯಲ್ಲ, ಹುಡುಗರಿಗೆ ಎಂತ ಪಾಠ ಮಾಡುತ್ತೀ ಎಂದು. "ಅಮ್ಮ ನಾಲ್ಕು ವರ್ಷ ಕರಿಲಿಲ್ಲ, ಅಕ್ಕೋರೆ. ಈಗ ಚಿಕ್ಕಿಯ ದನಿ ಹಾಕಿ ಅವಳ ಹತ್ರ ನಾನೇ ಕರೆಸ್ಕೊಂಡ್ರೆ ಅದು ಮೋಸ. ಅವಳಿಗೆ ಮಾತು ಬಂದ ದಿನ ಅವಳ ದನಿಯನ್ನೇ ಹಿಡ್ದು ಅಲ್ಲಿ ಹಾಕ್ತೆ" ಎಂದ. ನನಗೂ ಅದು ಸರಿ ಅನ್ನಿಸಿತು. ಎಷ್ಟು ಸ್ವಾಭಿಮಾನದ ಹುಡುಗ ಎಂದು ಮೆಚ್ಚಿಕೊಂಡೆ ಬೇರೆ. ನನ್ನ ಬುದ್ಧಿಗೆ ಏನು ಹೇಳಲಿ? ಆ ಗುಂಡಿಯನ್ನು ಅವಳು ಒತ್ತಿಯೂ ಒತ್ತಬಹುದು ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಎರಡು ಸಾವಿರದ ಏಳರ ಮೇ ತಿಂಗಳಲ್ಲಿ ಫೋನನ್ನು ಒಂದು ದಾರದಿಂದ ಮಂಚಕ್ಕೆ ಕಟ್ಟಿ ಗಂಗೆಯ ಎಡಗೈಗೆ ಕೊಟ್ಟರು. ಮೊದಲು ಒತ್ತಿದ್ದು ಬಂಗಡೆಯನ್ನೇ. ಗೆಳತಿಯ ದನಿ ಫೋನಿನಿಂದ ಬಂದದ್ದೇ ಅವಳಿಗೆ ಅರ್ಧ ಮುಖದಲ್ಲಿ ನಗು ಉಕ್ಕಿತಂತೆ, ಕಣ್ಣಲ್ಲಿ ನೀರು ಬರುವಷ್ಟು. ಅಂದಿನಿಂದ ಗಣಪಿ ಬುಟ್ಟಿ ಇಳಿಸುವ ಮೊದಲೇ "ಇವತ್ತು ಎಂತ ಮೀನು ಬಂತೇ?" ಎಂದು ಗಣಪಿಯ ದನಿಯೇ ಗಣಪಿಯನ್ನು ಕೇಳುತ್ತಿತ್ತು. ಕೇರಿಯವರು ನೋಡಲು ಬರುತ್ತಿದ್ದರು. ದಿನೇಶನಿಗೆ ಹುಮ್ಮಸ್ಸು ಬಂತು. ಸಂಜೆ ಮನೆಗೆ ಹೋಗಿ, ಅಮ್ಮನಿಗೆ ಗಂಜಿ ಕುಡಿಸಿ, ಒಳಕೋಣೆಯಲ್ಲಿ, ಸೆಂಟರಿನಿಂದ ಒಯ್ದಿದ್ದ ಹಳೆಯ ಕಂಪ್ಯೂಟರಿನೆದುರು ಕೂರುತ್ತಿದ್ದ. ಇನ್ನೂ ಒಂಬತ್ತು ಚಿತ್ರ ಸೇರಿಸಬೇಕು, ಬೆನ್ನು ತುರಿಸುತ್ತದೆ, ಸೆಕೆ ಆಗುತ್ತದೆ, ಹೊರಗೆ ಕೂರಿಸಿ ಎಂದೆಲ್ಲ ಅವಳು ಹೇಳುವಂತಾಗಬೇಕು ಎಂದು ದಿನವೂ ನನಗೆ ವರದಿ ಒಪ್ಪಿಸುತ್ತಿದ್ದ. ಮಾತು ಬಂತೇನೋ ಎಂದು ಕೇಳಿದರೆ, ಇನ್ನೂ ಇಲ್ಲ, ಬರ್ತದೆ ಎನ್ನುತ್ತಿದ್ದ.

ಬರಲಿಲ್ಲ. ಮರುವರ್ಷ ಆಷಾಢದಲ್ಲಿ, ದೋಣಿಗಳೆಲ್ಲ ದಡಕ್ಕೆ ಬಿದ್ದಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ಗಂಗೆ ಎಚ್ಚರಗೊಳ್ಳಲಿಲ್ಲ. ಎರಡನೇ ಸಲ ಹೊಡೆದಿತ್ತು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಹೋದೆ. ದಿನೇಶ ಜಗಲಿಯಲ್ಲಿ ಕೂತಿದ್ದ. ಗಣಪಿ ಮಂಚದ ಹಾಸಿಗೆ ಬಿಚ್ಚುತ್ತಿದ್ದಳು. ದಾರ ಬಿಚ್ಚಿ ಫೋನನ್ನು ಅವನ ಕೈಗೆ ಕೊಡುತ್ತ, "ಇದು ಪಾಪ, ಚಲೋ ಇತ್ತು ಮಗಾ. ಆ ನಡೂಕಿಂದು ಒಂದು ಕೆಟ್ಟಿತ್ತು ನೋಡು, ಅದೊಂದು ಮಾತಾಡ್ತಿರ್ಲಿಲ್ಲ" ಎಂದಳು.

ದಿನೇಶ ತಲೆ ಎತ್ತಿದ. "ನಿಂಗೆ ಹ್ಯಾಂಗೆ ಗೊತ್ತು?"

"ಹ್ಯಾಂಗೆ ಅಂದ್ರೆ? ಅವಳು ಒತ್ತತಿದ್ದದ್ದೇ ಅದನ್ನ. ನೀ ಸಂಜೆಗೆ ಬಂದು ಒಳಗೆ ಕಂಪ್ಯೂಟರಿಗೆ ಮುಖ ಕೊಟ್ಟು ಕೂತದ್ದೇ ತಡ, ಒತ್ತುದು, ಬಾಗಿಲು ನೋಡೂದು. ಒತ್ತುದು, ಬಾಗಿಲು ನೋಡೂದು. ಅದು ಕೆಟ್ಟದೆ ಮಾರಾಯ್ತಿ, ಬಿಡು ಅಂತ ನಾ ಹೇಳ್ದೆ. ಕೇಳ್ಬೇಕಲ್ಲ ಅವಳು. ನಿಂಗೆ ಗೊತ್ತಿರ್ತದೆ, ನೀನೇ ರಿಪೇರಿ ಮಾಡ್ತೆ ಅಂತ ನಾ ಸುಮ್ಮನಾದೆ."

ನಾನು ಫೋನನ್ನು ನೋಡಿದೆ. ಒಂದು, ಎರಡು, ಮೂರು, ಎಲ್ಲ ಅಂಕೆಗಳೂ ಇದ್ದವು. ಬಂಗಡೆಯ ಎಂಟು ಸ್ವಲ್ಪ ಮಾಸಿತ್ತು. ನಡುವೆ ಐದು ಇರಲಿಲ್ಲ. ಬೆರಳಿಗೆ ಗುರುತು ಸಿಗಲೆಂದು ಆ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದಲ್ಲ, ಅದೂ ಸವೆದು ನುಣ್ಣಗಾಗಿತ್ತು. ಹದಿನಾಲ್ಕು ತಿಂಗಳ ಹಿಂದೆ ಅವಳ ಕೈಗೆ ಕೊಟ್ಟಾಗ ಹೊಚ್ಚಹೊಸದಾಗಿದ್ದ ರಬ್ಬರು. ನನಗೆ ಅಳು ತಡೆಯಲಾಗಲಿಲ್ಲ. ಒಂದು ಕುಂಯ್ ಸದ್ದು ಹಾಕಿದ್ದರೂ ಅವನು ಎದ್ದು ಬರುತ್ತಿದ್ದ. ಹಾಕು ಎಂದು ನಾನಾದರೂ ಹೇಳಬಹುದಿತ್ತು.

ದಿನೇಶ ಅಳಲಿಲ್ಲ. ಫೋನು ಚಾಲೂ ಮಾಡಿ, ಒಂಬತ್ತು ಚಿತ್ರಗಳು ಮೂಡಿದ ಮೇಲೆ ಅದನ್ನು ಗಣಪಿಯ ಕೈಗೆ ಕೊಟ್ಟ. ಅವಳನ್ನು ಮಂಚದ ಮೇಲೆ, ಅಮ್ಮನ ತಲೆ ಇರುತ್ತಿದ್ದ ಕಡೆ ಕೂರಿಸಿದ. ತಾನು ಒಳಕೋಣೆಗೆ ಹೋಗಿ, ದಿನವೂ ಕೂರುತ್ತಿದ್ದ ಕುರ್ಚಿಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂತ. ನಾನು ನಡುಬಾಗಿಲಿನಲ್ಲಿ ನಿಂತಿದ್ದೆ, ನನಗೆ ಇಬ್ಬರೂ ಕಾಣುತ್ತಿದ್ದರು.

"ನಡೂಕಿಂದು ಒತ್ತು ಚಿಕ್ಕಿ" ಎಂದ.

ಗಣಪಿ ಒತ್ತಿದಳು.

"ಒತ್ತಿದ್ಯಾ?"

"ಒತ್ತಿದೆ ಮಗಾ."

"ಜೋರಾಗಿ ಒತ್ತು."

ಅವಳು ಎರಡೂ ಹೆಬ್ಬೆರಳು ಸೇರಿಸಿ ಒತ್ತಿದಳು. ರಬ್ಬರು ಒಳಗೆ ಹೋಯಿತು, ಮೇಲೆ ಬಂತು. ದಿನೇಶ ಉಸಿರು ಬಿಗಿಹಿಡಿದು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಆಲಿಸುತ್ತಿದ್ದ. ಗಣಪಿ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು.

ಬಹಳ ಹೊತ್ತಿನ ಮೇಲೆ ಅವನು ತಿರುಗದೆಯೇ ಕೇಳಿದ, "ಈಗ ಒತ್ತಿದ್ಯಾ ಚಿಕ್ಕಿ?"

"ಒತ್ತತಾನೇ ಇದ್ದೆ, ಮಗಾ" ಎಂದಳು ಗಣಪಿ.