ವಿಮಲಕ್ಕನ ಕೈಗುಣವೂ ಬೂದಿಕೋಟೆ ಬಸ್ಸಿನ ಟವಲ್ಲೂ

ಬಂಗಾರಪೇಟೆಯಲ್ಲಿ ಬೂದಿಕೋಟೆ ಬಸ್ಸು ಹತ್ತಿ ನಿಂತಿದ್ದೇನೆ. ನಿಂತಿದ್ದೇನೆ ಅನ್ನುವುದನ್ನು ದಯವಿಟ್ಟು ಗಮನಿಸಿ. ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಒಂದು ಸೀಟು ಖಾಲಿ ಇದೆ, ಆದರೆ ಅದರ ಮೇಲೊಂದು ಟವಲ್ ಕೂತಿದೆ. ಹಾಲು, ಹಿಂಡಿ, ಬೀಡಿ ಮೂರೂ ಬೆರೆತ ವಾಸನೆಯ, ಕೆಂಪು ಅಂಚಿನ ಟವಲ್. ಯಾರೋ ಪುಣ್ಯಾತ್ಮ ಅದನ್ನು ಕಿಟಕಿಯಿಂದ ಒಳಗೆಸೆದು ಎಲ್ಲಿಗೋ ಹೋಗಿದ್ದಾನೆ. ಪಕ್ಕದಲ್ಲಿ ಒಬ್ಬ ಅಜ್ಜಿ ಕಂಕುಳಲ್ಲಿ ಗಂಟು ಒತ್ತಿಕೊಂಡು ಕಂಬಿ ಹಿಡಿದು ನಿಂತಿದ್ದಾಳೆ. ಬಸ್ಸಿನಲ್ಲಿ ಸುಖವಾಗಿರುವುದು ಆ ಟವಲ್ ಒಂದೇ.

ನಮ್ಮ ಕಡೆಯ ಕಾನೂನು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಖಾಲಿ ಸೀಟನ್ನು ಕಿಟಕಿಯಿಂದ ನೋಡಿ, ಸಾಮಾನು ಎತ್ತಿಕೊಂಡು, ಸುತ್ತಿ ಬಾಗಿಲಿಗೆ ಬರುವಷ್ಟರಲ್ಲಿ ಅಲ್ಲಿ ಇನ್ಯಾರೋ ಕೂತು ಕಡಲೆಕಾಯಿ ಸುಲಿಯುತ್ತಿರುತ್ತಾರೆ. ಅದಕ್ಕೇ ನೋಡಿದ ತಕ್ಷಣ ಟವಲ್ ಎಸೆಯಬೇಕು. ಆಮೇಲೆ ನೀವು ಟೀ ಕುಡಿದು ಬಂದರೂ ಸೀಟು ನಿಮ್ಮದೇ. ಟವಲನ್ನು ಎತ್ತಿ ಪಕ್ಕಕ್ಕಿಟ್ಟು ಕೂರುವ ಧೈರ್ಯ ನಮ್ಮ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲ. ನನಗಂತೂ ಇಲ್ಲವೇ ಇಲ್ಲ. ನಾನು ಬಾಯಲ್ಲಿ ಮಾತ್ರ ಶೂರ.

ಬಾಯಿ ಎಂದಾಗ ಹೇಳಿಬಿಡುತ್ತೇನೆ: ಇನ್ನೊಬ್ಬರ ದನಿ, ನಡಿಗೆ, ಕೆಮ್ಮು ಕದಿಯುವುದು ನನ್ನ ಹುಟ್ಟುಗುಣ. ಒಮ್ಮೆ ಅಪ್ಪನ ದನಿಯಲ್ಲಿ ಕರೆದೆ, ಹಸು ಓಡಿಬಂತು. ಅದೇ ದನಿಯಲ್ಲಿ ಹಸುವನ್ನು ಬೈದೆ, ಅಪ್ಪ ಓಡಿಬಂದರು. ನನ್ನದೇ ದನಿ ಯಾವುದು ಎಂದು ಕೇಳಿದರೆ ಸ್ವಲ್ಪ ಹುಡುಕಿ ಹೇಳಬೇಕಾಗುತ್ತದೆ. ಇಂಥ ವಿದ್ಯೆಯಿಂದ ಲೋಕಕ್ಕೆ ಏನಾದರೂ ಉಪಯೋಗವಾದದ್ದುಂಟೆ? ಒಂದು ಸಲ ಆಯಿತು. ಅದರ ನೆನಪು ತಂದದ್ದೇ ಈ ಟವಲ್.

ಕೆಲವು ವರ್ಷಗಳ ಕೆಳಗೆ ನಾನು ಕೆ.ಜಿ.ಎಫ್‌ನಲ್ಲಿ, ಕೋರಮಂಡಲ್ ಕಡೆಯ ಒಂದು ಸಣ್ಣ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಕಂಪ್ಯೂಟರ್ ರೂಮು ಎಂಬ ದೇವರಮನೆ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಳಗೆ ಒಂದು ಯಂತ್ರ, ಅದಕ್ಕೆ ಜೋಡಿಸಿದ ಎರಡು ಹಸಿರು ಅಕ್ಷರದ ಪರದೆ. ಒಂದರ ಮುಂದೆ ನಾನು, ಇನ್ನೊಂದರ ಮುಂದೆ ಬಂಗಾರಪೇಟೆಯ ವಿಮಲಕ್ಕ. ಅರ್ಚಕರು ಸೆಲ್ವರಾಜ್ ಸಾರ್. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಬೆಳೆದವರು. ನಮ್ಮೊಂದಿಗೆ ಕನ್ನಡ, ಮನೆಯಲ್ಲಿ ತಮಿಳು, ಯಂತ್ರದೊಂದಿಗೆ ಮಾತ್ರ ಇಂಗ್ಲಿಷ್. ಯಾರೋ ಗೆಳೆಯರಿಂದ ರಾಶಿ ಫ್ಲಾಪಿಗಳಲ್ಲಿ ತರಿಸಿದ ಪುಕ್ಕಟೆ ಸಾಫ್ಟ್‌ವೇರನ್ನು ಅವರೇ ಆ ಯಂತ್ರಕ್ಕೆ ಹಾಕಿದ್ದರು. ಯಂತ್ರದ ಕೆಲಸವನ್ನೆಲ್ಲ ಹಂಚಿಕೊಡುವ ಅದರ ಮೂಲ ಪ್ರೋಗ್ರಾಮಿಗೆ ಕರ್ನೆಲ್ ಎಂದು ಹೆಸರು. ಅದನ್ನು ಬರೆದವರು ಅದರ ಒಡಲನ್ನೆಲ್ಲ ಬಿಚ್ಚಿಟ್ಟು ಕೊಟ್ಟಿದ್ದರು, ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ವಿಮಲಕ್ಕ ಎಂಟರ್ ಕೀ ಒತ್ತುವುದನ್ನು ನೀವು ನೋಡಬೇಕಿತ್ತು. ಮೊದಲು ಗಾಜಿನ ಬಳೆಗಳನ್ನು ಝಲ್ಲೆಂದು ಮೊಣಕೈಯವರೆಗೆ ಏರಿಸುವಳು. ಬೆರಳ ತುದಿಗೆ ಊದುವಳು. "ಯಪ್ಪಾ ದೇವ್ರೇ" ಅನ್ನುವಳು. ಆಮೇಲೆ ಕಟ್ಟಿರುವೆ ಹೊಸಕುವ ಹಾಗೆ ಒಂದು ಒತ್ತು. ಒತ್ತಿದ ಕೆಲವು ಸಲ ಯಂತ್ರ ಸ್ತಬ್ಧವಾಗುತ್ತಿತ್ತು. ಎರಡೂ ಪರದೆ ಕಲ್ಲು. ನಾನೂ ಅದೇ ಹೊತ್ತಿಗೆ ಅದೇ ಬಸ್ಸಿಳಿದು ಬಂದು ಅದೇ ಪ್ರೋಗ್ರಾಂ ಶುರುಮಾಡುತ್ತಿದ್ದೆ. ಆದರೆ ನನ್ನದು ಸದ್ದಿಲ್ಲದ ಬೆರಳು. ಎಲ್ಲರ ಕಣ್ಣು ಬಳೆಯ ಮೇಲೆ.

ಮ್ಯಾನೇಜರ್ ನಾಯ್ಡು ಅವರು ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು. "ಏಮಯ್ಯಾ ಸೆಲ್ವರಾಜ್, ಆಯಮ್ಮನ ಕೈಗುಣ ಸರಿ ಇಲ್ಲ. ಸೋಮವಾರದಿಂದ ಸ್ಟೋರಿಗೆ ಕಳ್ಸು. ನಟ್ಟು ಬೋಲ್ಟು ಎತ್ತಿಡ್ಲಿ. ಅವು ಯಾರು ಮುಟ್ಟಿದ್ರೂ ನಿಂತೋಗಲ್ಲ."

ವಿಮಲಕ್ಕ ಇನ್ನೂ ಕಾಯಂ ಆಗಿರಲಿಲ್ಲ. ಗಂಡ, ಅತ್ತೆ, ನೆರೆಹೊರೆ ಎಲ್ಲರ ನಗುವನ್ನೂ ದಾಟಿ, ಮದುವೆಯಾದ ಮೇಲೆ ಟೈಪಿಂಗ್ ಕಲಿತು ಹಿಡಿದಿದ್ದ ಕುರ್ಚಿ ಅದು. "ಲೇ ತಮ್ಮ, ಸ್ಟೋರಿಗೆ ಓದ್ರೆ ಕಲ್ತಿದ್ದೆಲ್ಲ ತುಕ್ಕು ಇಡೀತದೆ ಕಣ್ಲಾ" ಎಂದಳು. "ನನ್ ಕೈಯಾಗೆ ಏನೈತಂತೆ? ಇದೇ ಕೈಯಾಗ್ ತಾನೇ ಮನೇಲಿ ಹಾಲು ಎಪ್ಪು ಆಕೋದು? ಮೊಸ್ರು ಗಟ್ಟಿಯಾಗೇ ಆಯ್ತದೆ."

ಸೆಲ್ವರಾಜ್ ಸಾರ್ ಕೈಗುಣ ನಂಬುವವರಲ್ಲ. ಶನಿವಾರ ಬೆಳಿಗ್ಗೆ ಅವಳನ್ನು ಕೂರಿಸಿ ಮತ್ತೆ ಮತ್ತೆ ಒತ್ತಿಸಿದರು. ಯಂತ್ರ ಬಲು ವಿನಯದಿಂದ ಓಡಿತು. ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುವುದಿಲ್ಲವೆ, ಹಾಗೆ. "ರೋಗ ಕಾಣ್ಸಿದ್ರೆ ತಾನಪ್ಪಾ ಮದ್ದು? ಕಾಣ್ಸೋದೇ ಇಲ್ಲ ಅಂತದೆ" ಎಂದು ತಲೆ ಹಿಡಿದು ಕೂತರು. ವಿಮಲಕ್ಕನ ಕಣ್ಣು ತುಂಬಿತು.

ಯಾರಾದರೂ ಅಳುವುದನ್ನು ನೋಡಿದರೆ ನನಗೆ ನಗಿಸಬೇಕೆನ್ನಿಸುತ್ತದೆ. ಅವಳು ಇನ್ನೊಮ್ಮೆ ಒತ್ತಲು ಬಳೆ ಏರಿಸಿದಳು. ನನ್ನ ಪರದೆಯ ಮುಂದೆ ನಾನೂ ಇಲ್ಲದ ಬಳೆ ಏರಿಸಿದೆ, ಬಾಯಲ್ಲೇ ಝಲ್ ಅನ್ನಿಸಿದೆ, ಅವಳೊಂದಿಗೇ ಬೆರಳಿಗೆ ಊದಿ, ಅವಳ ದನಿಯಲ್ಲೇ "ಯಪ್ಪಾ ದೇವ್ರೇ" ಎಂದು, ಅವಳು ಒತ್ತಿದ ಕ್ಷಣಕ್ಕೇ ಒತ್ತಿದೆ.

"ಡೇಯ್, ಇದೇನ್ ನಾಟಕ ಕೊಟ್ಟಗೆನಾ?" ಎಂದು ಸಾರ್ ಎದ್ದರು. ಎದ್ದವರು ಹಾಗೇ ನಿಂತರು. ಎರಡು ಪರದೆಯೂ ಕಲ್ಲು.

ಬೈಗುಳಕ್ಕೆ ಬೆನ್ನು ಒಡ್ಡಿದೆ. ಸಾರ್ ಮಾತ್ರ ಹೊಸ ಮದುಮಗನಂತೆ ಅರಳಿದ್ದರು. ಯಂತ್ರವನ್ನು ಆರಿಸಿ ಹಚ್ಚಿ, "ಇನ್ನೊಂದ್ ತಡವೆ ಮಾಡಪ್ಪಾ, ಅದೇ ಥರ ಮಾಡು!" ಎಂದರು. ನನ್ನ ಅಣಕಕ್ಕೆ ಜನ್ಮದಲ್ಲಿ ಮೊದಲ ಸಲ ಒನ್ಸ್ ಮೋರ್ ಬಿದ್ದಿತ್ತು. ಮಾಡಿದೆವು. ಮತ್ತೆ ಕಲ್ಲು. "ಕೈಗುಣನೂ ಇಲ್ಲ, ಕಾಲ್ಗುಣನೂ ಇಲ್ಲ. ಇಬ್ರೂ ಒಟ್ಟಿಗೆ ಒತ್ತಿದ್ರೆ ನಿಂತುಬಿಡ್ತದೆ!" ಎಂದು ಸಾರ್ ಚಿಟಿಕೆ ಹೊಡೆದರು.

ಆಮೇಲೆ ಕರ್ನೆಲ್ಲಿನ ಹಾಳೆಗಳನ್ನು ಮುದ್ರಿಸಿ ನೆಲದ ತುಂಬ ಹರಡಿ, ಅದರ ಮೇಲೆ ಮಂಡಿಯೂರಿದರು. ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಮೆಮೊರಿಗೆ ಅಲ್ಲೊಂದು ಪಟ್ಟಿ ಇತ್ತು. ಸಾರ್ ಬೆರಳಿಟ್ಟು ತೋರಿಸಿದರು: ಹೊಸಬ, ಅಂದರೆ ಹೊಸ ಪ್ರೋಗ್ರಾಮು, ಬಂದರೆ ಕರ್ನೆಲ್ ಪಟ್ಟಿಯಲ್ಲಿ ಖಾಲಿ ಜಾಗ ನೋಡುತ್ತದೆ, ಅವನಿಗೆ ಬೇಕಾದ ಮೆಮೊರಿ ತರಲು ಹೋಗುತ್ತದೆ, ತಡವಾದರೆ ಅಲ್ಲೇ ನಿದ್ದೆ ಮಾಡುತ್ತದೆ, ಎಚ್ಚರವಾದ ಮೇಲೆ ಬಂದು ಆ ಜಾಗದಲ್ಲಿ ಅವನನ್ನು ಕೂರಿಸುತ್ತದೆ. ನಿದ್ದೆಯ ನಡುವೆ ಇನ್ನೊಬ್ಬ ಬಂದರೆ ಅವನಿಗೂ ಅದೇ ಜಾಗ ಖಾಲಿ ಕಾಣುತ್ತದೆ. "ಒಂದೇ ಜಾಗಕ್ಕೆ ಇಬ್ರು. ಬೀಗ ಎಲ್ಲಿ ಹಾಕೋದಪ್ಪಾ? ಇಡೀ ಪಟ್ಟಿಗೇ ಹಾಕಿದ್ರೆ ನಿದ್ದೆ ಮುಗಿಯೋ ತನಕ ಎಲ್ರೂ ಹೊರಗೆ ನಿಲ್ಬೇಕು" ಎಂದು ಗೊಣಗಿದರು.

"ಟವಲ್ ಆಕ್ಬೇಕಿತ್ತು ಸಾರ್" ಎಂದೆ.

ಸಾರ್ ಸೈಕಲ್ಲಿನವರು, ಬೂದಿಕೋಟೆ ಬಸ್ಸನ್ನು ಕಂಡವರಲ್ಲ. ಅವರಿಗಾಗಿ ಆ ದೇವರಮನೆಯಲ್ಲೇ ಇಡೀ ಬಸ್ ನಿಲ್ದಾಣವನ್ನು ಆಡಿ ತೋರಿಸಿದೆ. ಕಂಡಕ್ಟರನ ಸೀಟಿ ನಾನೇ, ಕಿಟಕಿಯಿಂದ ಟವಲ್ ಎಸೆಯುವ ಹಾಲಿನ ಕ್ಯಾನಿನವನು ನಾನೇ, ಸೀಟು ಹೋದವನ ಕೂಗಾಟವೂ ನಾನೇ. ಟವಲ್ಲಿಗೆ ಯಂತ್ರದ ಧೂಳು ಒರೆಸುವ ಬಟ್ಟೆ ಆಯಿತು. ಸಾರ್ ನಕ್ಕು ನಕ್ಕು ಹಾಳೆಗಳ ಮೇಲೇ ಕೂತುಬಿಟ್ಟರು. ಎದ್ದು, ಕರ್ನೆಲ್ ಜಾಗ ನೋಡಿದ ಕೂಡಲೇ, ನಿದ್ದೆಗೆ ಮುಂಚೆಯೇ, ಅಲ್ಲೊಂದು ಗುರುತು ಹಾಕುವ ಸಾಲು ಬರೆದರು. ಪಟ್ಟಿ ನೋಡುವ ಉಳಿದ ಕಡೆಗಳಲ್ಲೂ ಎಚ್ಚರಿಕೆ ಸೇರಿಸಿದರು: ಗುರುತು ಕಂಡರೆ ಅದನ್ನೇ ಪ್ರಯಾಣಿಕನೆಂದುಕೊಳ್ಳಬಾರದು. ಟವಲ್ಲಿಗೆ ಟಿಕೆಟ್ ಕೇಳಬಾರದು ತಾನೇ?

ಒಟ್ಟಿಗೆ ಒತ್ತಿದೆವು. ಓಡಿತು! ಒತ್ತಿದೆವು, ಓಡಿತು. ಊಟದ ಹೊತ್ತಿನವರೆಗೆ ಓಡಿ, ಆಮೇಲೆ ಜಾಗವೇ ಇಲ್ಲ ಎಂದು ಹಟ ಹಿಡಿಯಿತು. ನೋಡಿದರೆ ಪಟ್ಟಿಯ ತುಂಬ ಗುರುತು, ಕೂತವರು ಒಬ್ಬರೂ ಇಲ್ಲ. ವಿಮಲಕ್ಕ ಡಬ್ಬಿಯ ಮುಚ್ಚಳ ಹಾಕುತ್ತಾ ಕೇಳಿದಳು, "ಮೆಮೊರಿ ತರಾಕೆ ಓಗಿ, ಸಿಗ್ಲೇ ಇಲ್ಲ ಅಂದ್ರೆ ಏನ್ ಮಾಡ್ತದೆ ಸಾರ್?"

"ವಾಪಸ್ ಹೋಗ್ತದಮ್ಮಾ."

"ಟವಲ್ ಎತ್ಕಂಡಾ, ಬಿಟ್ಟಾ?"

ಸಾರ್ ಅರ್ಧ ತಿಂದ ತುತ್ತು ಬಿಟ್ಟು ಓಡಿದರು. ಮೆಮೊರಿ ಸಿಗದೆ ಮರಳುವಾಗ ಹಾಕಿದ ಗುರುತನ್ನು ಅಳಿಸುವ ಸಾಲು ಬರೆಯುವುದನ್ನೇ ಮರೆತಿದ್ದರು. ಕೈ ತೊಳೆಯದೆ ಕೀಲಿಮಣೆ ಮುಟ್ಟಬಾರದೆಂದು ಬೋರ್ಡು ಬರೆಸಿದ್ದವರು ಅವರೇ. ಆ ಕೀಲಿಮಣೆಗೆ ಬಹಳ ದಿನ ರಸಂ ವಾಸನೆ ಇತ್ತು.

ಸೋಮವಾರ ನಾಯ್ಡು ಅವರ ಎದುರಿಗೆ ನಾವಿಬ್ಬರೂ ಜೋಡಿ ನಾದಸ್ವರದವರಂತೆ ಕೂತು ಬಳೆ ಏರಿಸಿ, ಊದಿ, ದೇವರನ್ನು ಕರೆದು, ಒತ್ತಿದೆವು. ಯಂತ್ರ ಓಡಿತು. ಅವರು ಸಾಲದೆಂದು ಮತ್ತೆ ಒತ್ತಿಸಿದರು, ಮತ್ತೆ ಓಡಿತು. ಸಾರ್ ಕರ್ನೆಲ್, ಗುರುತು, ನಿದ್ದೆ ಎಲ್ಲವನ್ನೂ ವಿವರಿಸಿದರು. ನಾಯ್ಡು ಗಂಭೀರವಾಗಿ ಕೇಳಿ, "ಚೂಡವಯ್ಯಾ, ಆಯಮ್ಮನ ಕೈಗುಣ ಸರಿ ಓಯ್ತು" ಎಂದು ಹೊರಟರು. ಅಂದಿನಿಂದ ಕಾರ್ಖಾನೆಗೆ ಯಾವ ಹೊಸ ಮಷೀನು ಬಂದರೂ ಮೊದಲ ಸ್ವಿಚ್ಚು ವಿಮಲಕ್ಕನೇ ಒತ್ತಬೇಕೆಂದು ಅವರ ಅಪ್ಪಣೆ. ಸಾರ್ ಹಣೆ ಚಚ್ಚಿಕೊಂಡರು. ವಿಮಲಕ್ಕ ಹೊಸ ಬಳೆ ಹಾಕಿಸಿಕೊಂಡಳು. ಈಗಲೂ ಅದೇ ಕುರ್ಚಿ, ಕಾಯಂ.

ಬಸ್ಸು ಹೊರಟಿದೆ. ಊರಾಚೆಯ ತಿರುವೂ ದಾಟಿತು. ಟವಲ್ ಎಸೆದವನ ಸುಳಿವಿಲ್ಲ. "ಯಾರ್ದ್ರಪ್ಪಾ ಟವಲ್ಲು?" ಎಂದು ಕಂಡಕ್ಟರ್ ಕೂಗಿದ. ಎಲ್ಲರೂ ಟವಲನ್ನೇ ನೋಡುತ್ತಿದ್ದೇವೆ, ಯಾರೂ ಮುಟ್ಟುತ್ತಿಲ್ಲ. ಮೆಮೊರಿ ಸಿಗದೆ ವಾಪಸ್ ಹೋದ ಗಿರಾಕಿಯಂತೆ ಇವನೂ ಟವಲ್ ಬಿಟ್ಟೇ ಹೋಗಿದ್ದಾನೆ. ಅಜ್ಜಿ ಗಂಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು.

ನನಗೇ ಗೊತ್ತಿಲ್ಲದಂತೆ ಬಲಗೈ ಎಡಗೈಯನ್ನು ಸವರಿ ಮೇಲೇರಿತು. ಬೆರಳಿಗೆ ಊದಿದೆ. "ಯಪ್ಪಾ ದೇವ್ರೇ" ಎಂದು ಟವಲ್ ಎತ್ತಿ ಮೇಲಿನ ಕಂಬಿಗೆ ನೇತುಹಾಕಿದೆ. ಬಸ್ಸು ನಿಲ್ಲಲಿಲ್ಲ, ಆಕಾಶ ಬೀಳಲಿಲ್ಲ.

"ಕುಂತ್ಕ ಅಜ್ಜಿ."

ಅಜ್ಜಿ ಗಂಟನ್ನು ಮಡಿಲಿಗಿಟ್ಟು ಕೂತಳು. ಕೂತು, ನನ್ನ ಬರಿಗೈಯನ್ನು ಮೇಲೆ ಕೆಳಗೆ ನೋಡಿದಳು.

"ಬಳೇನೇ ಇಲ್ವಲ್ಲೋ ಮಗಾ, ಅದೇನ್ಲಾ ಮ್ಯಾಕೆ ಏರುಸ್ತಿದ್ದೆ?"

"ನಮ್ಮಕ್ಕನ ಬಳೆ ಅಜ್ಜಿ" ಎಂದೆ. ಆಶ್ಚರ್ಯ, ಅದನ್ನು ನನ್ನದೇ ದನಿಯಲ್ಲಿ ಹೇಳಿದ್ದೆ.