ಕೆಂಪಾದ ಹತ್ತು ತೋಟಾಗಳು

ಕೋವಿಯ ಖಾಲಿ ತೋಟಾ ತೊಳೆಯುವುದಕ್ಕೆ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಏಳು ಗಂಟೆ ಎಂದು ನಾನು ಗೊತ್ತುಮಾಡಿದ್ದೆ. ಏಳೂಕಾಲು ಅಲ್ಲ. ಪೊಲೀಸ್ ಶಸ್ತ್ರಾಗಾರದಲ್ಲಿ ಮೂವತ್ತು ವರ್ಷ ಬಂದೂಕು ಒರೆಸಿ, ಎಣಿಸಿ, ಬೀಗ ಹಾಕಿದವನು ನಾನು. ನಿವೃತ್ತಿಯಾಗಿ ಹೊಸನಗರದ ಹತ್ತಿರದ ನಮ್ಮೂರಿಗೆ ಬಂದಾಗ ಎಣಿಸುವುದಕ್ಕೆ ಉಳಿದಿದ್ದದ್ದು ಅಪ್ಪನ ಕಾಲದ ಒಂದು ಕೋವಿ, ಹತ್ತು ಹಿತ್ತಾಳೆ ತೋಟಾ. ಈಗ ಸಾಗರದ ಅಂಗಡಿಯಲ್ಲಿ ಸಿಗುವವು ಪ್ಲಾಸ್ಟಿಕ್ಕಿನವು, ಒಮ್ಮೆ ಹೊಡೆದರೆ ಮುಗಿಯಿತು. ಹಿತ್ತಾಳೆಯದು ಹಾಗಲ್ಲ. ತೊಳೆದು, ತಳಕ್ಕೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಮದ್ದು ತುಂಬಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಲೈಸೆನ್ಸು ನನ್ನ ಹೆಸರಿನದು, ಬೆಳೆ ಕಾಯುವುದಕ್ಕೆಂದು ಕೊಟ್ಟದ್ದು. ಮೊಣಕಾಲು ನೋವಿನಿಂದ ನಾನು ಗುಡ್ಡ ಹತ್ತಲಾರೆ. ಹಾಗಾಗಿ ನನ್ನ ಪರವಾಗಿ ಕೋವಿ ಹಿಡಿಯಬಹುದಾದವನೆಂದು ತಮ್ಮನ ಹೆಸರನ್ನೂ ಅದರಲ್ಲಿ ಬರೆಸಿದ್ದೆ. ಅವನಿಗೆ ಓದು ಹತ್ತಲಿಲ್ಲ, ಮದುವೆಯೂ ಆಗಲಿಲ್ಲ. ಅರವತ್ತು ದಾಟಿದ ಅವನಿಗೆ ಊರಿನಲ್ಲಿದ್ದ ಮರ್ಯಾದೆಯೆಲ್ಲ ಆ ಕೋವಿಯಿಂದ ಬಂದದ್ದು. ಮಂಗಗಳು ಬಾಳೆಗೆ ಇಳಿದರೆ ಅಕ್ಕಪಕ್ಕದವರು ಬಂದು, ಜಗಲಿಯಲ್ಲಿ ಕೂತ ನನ್ನನ್ನು ದಾಟಿ ಒಳಗೆ ಇಣುಕುತ್ತಿದ್ದರು.

"ಕೋವಿ ಮಾವ ಇದಾರಾ? ಒಂದು ಈಡು ಹೊಡ್ದು ಹೋಗ್ಲಿ."

ಅವನು ಗಾಳಿಗೆ ಒಂದು ಈಡು ಹೊಡೆದು, ಅವರ ಮನೆಯಲ್ಲಿ ಕಾಫಿ ಕುಡಿದು, ಖಾಲಿ ತೋಟಾವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ಬರುವಾಗ ಅವನ ನಡಿಗೆಯೇ ಬೇರೆ ಇರುತ್ತಿತ್ತು.

ತೊಳೆಯುವವನು ಅವನು, ಗಡಿಯಾರ ನೋಡುವವನು ನಾನು. ವಾಟೆಹುಳಿ ನೆನೆಸಿದ ನೀರಿನಲ್ಲಿ ಹತ್ತೇ ನಿಮಿಷ. ಆಮೇಲೆ ಒಳಗಿನ ಮಸಿಯನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ತಿಕ್ಕಿ, ಎರಡು ಸಲ ಒಳ್ಳೆಯ ನೀರಿನಲ್ಲಿ ಜಾಲಿಸಿ, ಬಾಯಿ ಕೆಳಗಾಗಿ ಬಿಸಿಲಿಗಿಡಬೇಕು. ಹುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆ ಸತ್ವ ಕಳೆದುಕೊಂಡು ಕೆಂಪಗಾಗುತ್ತದೆ. ಅಂಥದ್ದು ಕೋವಿಯೊಳಗೇ ಸೀಳಬಹುದು. ಕೊನೆಗೆ ಒಂದೊಂದನ್ನೂ ಒಗೆಯುವ ಕಲ್ಲಿಗೆ ತಾಗಿಸಿ ಸದ್ದು ಕೇಳುತ್ತೇನೆ. ಗಟ್ಟಿ ಇದ್ದದ್ದು ಣಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಮಡಕೆ ಚೂರಿನ ಹಾಗೆ ಟಕ್ ಎನ್ನುತ್ತದೆ.

ಹೋದ ವರ್ಷ ಆಯುಧಪೂಜೆಯ ಬೆಳಿಗ್ಗೆ ಬಚ್ಚಲಿನ ಬಕೆಟ್ಟು ನೋಡಿದೆ. ಹುಳಿನೀರಿನ ತಳದಲ್ಲಿ, ಆಗತಾನೆ ಹುಟ್ಟಿದ ಇಲಿಮರಿಗಳ ಹಾಗೆ, ಹತ್ತೂ ತೋಟಾ ಕೆಂಪಗೆ ಬಿದ್ದಿದ್ದವು. ರಾತ್ರಿಯೆಲ್ಲ ನೆನೆದಿದ್ದವು.

"ಯಾರು ಹಾಕಿದ್ದು?"

ತಮ್ಮ ಒಲೆಯ ಮುಂದಿನಿಂದ ಎದ್ದು ಬಂದ. "ನಾನೇ ಅಣ್ಣಯ್ಯ. ಮರ್ತೇಹೋಯ್ತು."

"ಊಟ ಮಾಡೋದು ಯಾವತ್ತಾದ್ರೂ ಮರ್ತಿದ್ಯಾ?"

"ಇಲ್ಲ."

"ಹಂಗಾದ್ರೆ ಇದು ಮರೆವಲ್ಲ, ಸಸಾರ. ನಾಡಿದ್ದು ಕಚೇರಿಗೆ ಹೋಗಿ ನಿನ್ ಹೆಸ್ರು ತೆಗ್ಸಾಣ."

ಅವನು ಬಕೆಟ್ಟನ್ನೇ ನೋಡುತ್ತ ನಿಂತ. "ಬೈಯಿ, ಎರಡು ಹೊಡಿ ಬೇಕಾರೆ. ಕೋವಿ ಮಾತ್ರ ತೆಗೀಬೇಡ ಅಣ್ಣಯ್ಯ."

ಹಬ್ಬದ ರಜೆ ಮುಗಿದು ಕಚೇರಿ ತೆರೆದ ದಿನವೇ ಮೊದಲ ಬಸ್ಸಿಗೆ ಹೊಸನಗರಕ್ಕೆ ಹೊರಟೆವು. ಮದುವೆಮನೆಗೆಂದು ಎತ್ತಿಟ್ಟಿದ್ದ ಬಿಳಿ ಅಂಗಿಯನ್ನು ಅವನು ಹಾಕಿಕೊಂಡಿದ್ದ. ತಾಲ್ಲೂಕು ಕಚೇರಿಯ ಗುಮಾಸ್ತ ಅರ್ಜಿ ಓದಿ, ಅವನನ್ನು ಮೇಲಿಂದ ಕೆಳಗೆ ನೋಡಿ, "ಇವರಿಗೆ ಎಂತ ತೊಂದ್ರೆ? ಕಣ್ಣಾ?" ಎಂದು ಕೇಳಿದ.

"ತಲೆ," ಎಂದೆ.

ಸಾಲಿನಲ್ಲಿದ್ದವರು ನಕ್ಕರು. ತಮ್ಮನೂ ಅವರ ಜೊತೆ ನಕ್ಕ, ನಗುತ್ತಲೇ ಸಹಿ ಹಾಕಿದ. ಅವನ ಸಹಿ ಮುಗಿಯುವುದಕ್ಕೆ ಸಮಯ ಬೇಕು. ನಾನು ಗಡಿಯಾರ ನೋಡಿಕೊಂಡೆ.

ಮನೆಗೆ ಬಂದು ಕಾಲು ತೊಳೆಯುವಾಗ ಹೆಂಡತಿ ಚೊಂಬು ಕೊಡದೆ ಕೈಯಲ್ಲೇ ಹಿಡಿದು ನಿಂತಳು.

"ಆ ತೋಟಾನ ಹುಳಿಗೆ ಹಾಕಿದ್ದು ನಾನು. ಹಬ್ಬಕ್ಕೆ ಮನೆ ಹಿತ್ತಾಳೆ ಎಲ್ಲಾ ಒಟ್ಟಿಗೆ ಬೆಳಗಾಣ ಅಂತ ದೀಪಗಳ ಜೊತೆ ನೆನೆಹಾಕಿದ್ದೆ. ದೀಪ ತೆಗ್ದೆ, ಇವು ತಳದಲ್ಲಿ ಉಳ್ಕಂಡ್ವು. 'ನನ್ ಮೇಲೆ ಹಾಕಿ ಅತ್ತಿಗೆ, ನಂಗೆ ಬೈಸ್ಕಳೋದು ರೂಢಿ' ಅಂದ್ರು ನಿಮ್ಮ ತಮ್ಮ. ಇಷ್ಟು ದೂರ ಹೋಗುತ್ತೆ ಅಂತ ನಾನೆಂತ ಕಂಡಿದ್ದೆ?"

"ಮೊನ್ನೆಯೇ ಯಾಕೆ ಬಾಯಿ ಬಿಡಲಿಲ್ಲ?"

"ನಿಮ್ಮ ಮುಖ ನೋಡಿ." ಚೊಂಬು ಕೆಳಗಿಟ್ಟಳು. "ಈಗ ಗೊತ್ತಾಯ್ತಲ್ಲ. ಹೆಸರು ವಾಪಸ್ ಬರೆಸಿ."

"ಸುಳ್ಳು ಹೇಳೋನ ಕೈಯಾಗೆ ಕೋವಿ ಕೊಡಕ್ಕಾಗಲ್ಲ," ಎಂದೆ.

ಇನ್ನೊಂದು ಅರ್ಜಿಗೆ ಒಂದು ಹಾಳೆ ಸಾಕಿತ್ತು. ಹಾಳೆ ಮೇಜಿನ ಮೇಲೇ ಇತ್ತು. ನಾನು ಬರೆಯಲಿಲ್ಲ.

ಮುಂದಿನ ಭಾನುವಾರ ಏಳು ಗಂಟೆಗೆ ಅವನು ಅಭ್ಯಾಸಬಲದಿಂದ ಒಗೆಯುವ ಕಲ್ಲಿನ ಹತ್ತಿರ ಬಂದು ಕೂತಿದ್ದ. ತೊಳೆಯಲು ಏನೂ ಇರಲಿಲ್ಲ. ಕೆಂಪಾದ ಹತ್ತನ್ನೂ ತಂದು ಅವನ ಮುಂದೆ ಸುರಿದೆ.

"ತೊಳಿ. ಇದಕ್ಕೆ ಲೈಸೆನ್ಸ್ ಬೇಡ."

ಅವನು ತೊಳೆದ. ಅದರ ಮುಂದಿನ ವಾರವೂ ತೊಳೆದ. ಮಂಗ ಬಂದಿದೆ ಎಂದು ಯಾರಾದರೂ ಕರೆದರೆ ಖಾಲಿ ಎಣ್ಣೆ ಡಬ್ಬ, ಒಂದು ಕೋಲು ಹಿಡಿದು ಹೋಗುತ್ತಿದ್ದ. ಮಂಗಗಳು ಡಬ್ಬಕ್ಕೆ ಎರಡೇ ದಿನದಲ್ಲಿ ಹೊಂದಿಕೊಂಡವು. ಕೆಳಮನೆಯಾಕೆ ಬೇಲಿಯಾಚೆಯಿಂದ, "ಡಬ್ಬ ಬಡಿಯಕ್ಕೆ ನೀವ್ಯಾಕೆ ಮಾವ? ನಮ್ಮನೇಲೂ ಡಬ್ಬ ಇದೆ," ಎಂದದ್ದು ಜಗಲಿಯಲ್ಲಿದ್ದ ನನಗೂ ಕೇಳಿಸಿತು. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ.

ಈಗಲೂ ಭಾನುವಾರ ತಪ್ಪಿಲ್ಲ. ತಿಂಗಳುಗಟ್ಟಲೆ ಬೂದಿ ಹಾಕಿ ತಿಕ್ಕಿ ತಿಕ್ಕಿ ಅವನು ಕೆಂಪು ಬಿಡಿಸಿದ್ದಾನೆ. ಹತ್ತೂ ಹಳದಿಗೆ ಹೊಳೆಯುತ್ತವೆ. ಹುಳಿ ತಿಂದ ಹಿತ್ತಾಳೆಯನ್ನು ಎಷ್ಟು ಬೆಳಗಿದರೂ ಅದಕ್ಕೆ ಮದ್ದು ತುಂಬುವ ಹಾಗಿಲ್ಲ. ಅದು ಅವನಿಗೂ ಗೊತ್ತು. ಆದರೂ ಸಾಲಾಗಿ ಒಣಗಿಸಿ, ಕೈ ಒರೆಸಿಕೊಂಡು ನನ್ನ ಮುಂದೆ ನಿಲ್ಲುತ್ತಾನೆ. ನಾನು ಒಂದೊಂದನ್ನೇ ಕಲ್ಲಿಗೆ ತಾಗಿಸುತ್ತೇನೆ. ಸದ್ದು ಸರಿಯಾಗಿಯೇ ಇರುತ್ತದೆ.

"ಹೆಂಗಿದೆ ಅಣ್ಣಯ್ಯ?"

"ಇನ್ನೊಂದ್ಸಲ ತೊಳಿ," ಎನ್ನುತ್ತೇನೆ.

ಅವನು ಹತ್ತನ್ನೂ ಎಣಿಸಿ ಮಡಿಲಿಗೆ ಹಾಕಿಕೊಂಡು, ಮತ್ತೆ ಕಲ್ಲಿನ ಮುಂದೆ ಕೂರುತ್ತಾನೆ.