ಮಧ್ಯಾಹ್ನದ ಮೀನು

ಮೊನ್ನೆ ನಮ್ಮ ಪ್ರಯೋಗಾಲಯಕ್ಕೆ ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯೊಂದು ಬಂತು. ಒಳಗಿದ್ದದ್ದು ದುಬಾರಿ ರಾಸಾಯನಿಕ. ನಾನೋ, ಮುಚ್ಚಳ ತೆಗೆದವಳೇ ಮೂಗು ಹತ್ತಿರ ಒಯ್ದು ಮೂಸಿದೆ! ಜೊತೆಯವರು ಬಿದ್ದು ಬಿದ್ದು ನಕ್ಕರು. ಭಟ್ಕಳದ ಹತ್ತಿರದ ಮೀನುಗಾರರ ಊರು ತೆಂಗಿನಗುಂಡಿಯವಳಿಗೆ ಅಂಥ ಪೆಟ್ಟಿಗೆ ಎಂದರೆ ಮೀನೇ. ಮೀನು ಎಂದರೆ ನಮ್ಮ ಪಕ್ಕದ ಮನೆಯ ಮೀನಕ್ಕ...

ಭಟ್ಕಳದ ಪೇಟೆಯಲ್ಲಿ ಅವರು ಮೀನು ಮಾರುತ್ತಿದ್ದರು. ದೊಡ್ಡ ಇಸೋಣ ಮೀನನ್ನು ಮೆಟ್ಟುಗತ್ತಿಗೆ ಒತ್ತಿ ಕೊಯ್ದರೆ ತುಂಡುಗಳೆಲ್ಲ ಒಂದೇ ದಪ್ಪ. ಬಾಯಿಯೂ ಕತ್ತಿಯಷ್ಟೇ ಚುರುಕು. ಚೌಕಾಸಿಗೆ ಬಂದವರು ನಗುತ್ತಾ ಸೋತು ಹೋಗುತ್ತಿದ್ದರು.

ಅಂಥವರ ಬಲಗೈ ನಡುಗಲು ಶುರುವಾಯಿತು. ಪಾರ್ಕಿನ್ಸನ್ ಕಾಯಿಲೆ ಎಂದರು ಊರಿನ ಡಾಕ್ಟರು. ಗುಳಿಗೆ ನುಂಗಿದರೂ ಗುಣ ಕಾಣಲಿಲ್ಲ. ಕತ್ತಿಯ ಮುಂದೆ ಕೂರುವುದಕ್ಕೆ ಮನೆಯವರು ಬಿಡಲಿಲ್ಲ. ಪೇಟೆ ತಪ್ಪಿದ್ದೇ ಅವರಿಗೆ ರೋಗಕ್ಕಿಂತ ದೊಡ್ಡ ಸಂಕಟ. ಜಗುಲಿಯಲ್ಲಿ ಸುಮ್ಮನೆ ಕೂತ ಮೀನಕ್ಕನನ್ನು ನೋಡಿ ನನಗೆ ಅಳುವೇ ಬಂದಿತ್ತು.

ಆಗ ನಾನು ಫಾರ್ಮಸಿ ಓದುತ್ತಿದ್ದೆ. ರಜೆಯಲ್ಲಿ ಅವರನ್ನು ಹೊನ್ನಾವರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಗುಳಿಗೆ ಯಾವಾಗ ತಗೊಳ್ತೀರಿ ಎಂದು ಡಾಕ್ಟರು ಕೇಳಿದರು.

"ಮಧ್ಯಾಹ್ನ, ಬಂಗಡೆ ಸಾರು ಅನ್ನದ ಸಂಗಡ. ಕೈ ನಿಲ್ಲದಿದ್ರೆ ಇನ್ನೊಂದು ತುಂಡು ಮೀನು ಜಾಸ್ತಿ ಹಾಕ್ಕಂತೆ. ಶಕ್ತಿ ಬರೂದು ಬ್ಯಾಡ್ವಾ?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಈ ಔಷಧವೂ ಮೀನಿನ ಪ್ರೋಟೀನೂ ಮಿದುಳಿಗೆ ಹೋಗುವುದು ಒಂದೇ ಬಾಗಿಲಿನಿಂದ, ಮೀನು ನುಗ್ಗಿದರೆ ಔಷಧ ಹೊರಗೇ ಉಳಿಯುತ್ತದೆ ಎಂದು ಬಿಡಿಸಿ ಹೇಳಿದರು. ಊಟಕ್ಕೆ ಸಾಕಷ್ಟು ಮೊದಲೇ ಗುಳಿಗೆ ನುಂಗಬೇಕು, ಮೀನು ರಾತ್ರಿಗೆ ಮಾತ್ರ.

"ನಾ ಮಾರಿದ ಮೀನೇ ನನ್ನ ಬಾಗಲಿಗೆ ಅಡ್ಡ ನಿಂತದ್ಯಾ!" ಮೀನಕ್ಕನ ಸಿಟ್ಟು ನೋಡಬೇಕಿತ್ತು. ಬಸ್ಸಿನಲ್ಲಿ ಭಟ್ಕಳ ಮುಟ್ಟುವವರೆಗೂ ಬಂಗಡೆಯ ಜಾತಕ ಜಾಲಾಡಿದರು. ಆದರೂ ಮಾತು ಕೇಳಿದರು. ಮಧ್ಯಾಹ್ನ ಬರೀ ತಿಳಿಸಾರು ಉಣ್ಣುವಾಗ ಅವರ ಮುಖ ಕಷಾಯ ಕುಡಿದವರ ಹಾಗೆ ಆಗುತ್ತಿತ್ತು.

ಕೈ ನಿಂತಿತು! ಪೂರ್ತಿಯಲ್ಲ, ಕತ್ತಿಗೆ ಸಾಕಾಗುವಷ್ಟು. ಅವರು ಮತ್ತೆ ಪೇಟೆಗೆ ಬಂದ ಬೆಳಿಗ್ಗೆ ಉಳಿದ ಮೀನಿನ ಹೆಂಗಸರು ತಮ್ಮ ಬುಟ್ಟಿ ಬಿಟ್ಟು ಸುತ್ತ ನೆರೆದರು. ಇಸೋಣದ ಮೊದಲ ತುಂಡು ಬಿದ್ದಾಗ ಎದ್ದ ಕೇಕೆಗೆ ಮೀನಕ್ಕ, "ಎಂತ ಕಾಣ್ತ್ರಿ? ಗಿರಾಕಿಗೆ ಜಾಗ ಬಿಡಿ!" ಎಂದು ಗದರಿದರು. ಕಣ್ಣು ಮಾತ್ರ ತುಂಬಿತ್ತು. ಅಷ್ಟು ಸಂತೋಷ ನನಗೆ ಪದವಿ ಸಿಕ್ಕ ದಿನವೂ ಆಗಲಿಲ್ಲ.

ಆ ಬಾಗಿಲಿನ ಮಾತು ನನ್ನನ್ನು ಬಿಡಲಿಲ್ಲ. ಮುಂದೆ ನಾನು ಹಿಡಿದ ಕೆಲಸವೂ ಅದೇ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಯೊಳಗೆ ಔಷಧ ತುಂಬಿ, ಮಿದುಳಿನ ಕಾವಲು ಒಳಗೆ ಬಿಟ್ಟುಕೊಳ್ಳುವಂಥ ಹೊದಿಕೆ ಹೊದಿಸಿ, ಬೇರೆ ದಾರಿಯಿಂದ ದಾಟಿಸುವುದು. ನ್ಯಾನೋ ಕಣ ಎನ್ನುತ್ತೇವೆ. ಊರಿಗೆ ಹೋದಾಗ ಮೀನಕ್ಕನಿಗೂ ವಿವರಿಸಿದೆ. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಹಂಗಾದ್ರೆ ಮಧ್ಯಾಹ್ನನೂ ಮೀನು ತಿನ್ಲಕ್ಕಾ?"

"ತಿನ್ಲಕ್ಕು, ಮೀನಕ್ಕ."

"ಆತು. ಬೇಗ ಮಾಡು ಮಗಾ."

ಅಲ್ಲಿಂದ ಶುರುವಾಯಿತು ಫೋನು. "ಎಲ್ಲಿಗೆ ಬಂತೇ ನಿನ್ನ ಗುಳ್ಳೆ?" ಇಲಿಗಳಿಗೆ ಕೊಟ್ಟು ನೋಡುತ್ತಿದ್ದೇವೆ ಎಂದರೆ, ಇಲಿಗೆ ಸಿಕ್ಕ ಭಾಗ್ಯ ತನಗಿಲ್ಲವಲ್ಲ ಎಂದು ಜಗಳ ತೆಗೆಯುತ್ತಿದ್ದರು. ಬರುಬರುತ್ತಾ ಗುಳಿಗೆಯ ಬಲ ಕುಗ್ಗಿತು, ಕೈಯ ನಡುಕ ಮಾತಿಗೂ ಇಳಿಯಿತು... ಆದರೂ ಫೋನು ನಿಲ್ಲಲಿಲ್ಲ, ತಮಾಷೆಯೂ ನಿಲ್ಲಲಿಲ್ಲ.

ಹೋದ ಮಳೆಗಾಲದಲ್ಲಿ ಮೀನಕ್ಕ ತೀರಿಕೊಂಡರು. ಈ ವಾರ ನಮ್ಮ ಗುಳ್ಳೆ ಇಲಿಯ ಮಿದುಳಿನೊಳಗೆ ಹೋಗಿದ್ದು ಪರದೆಯ ಮೇಲೆ ಚೆನ್ನಾಗಿ ಕಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು, ಸಿಹಿ ಹಂಚಿದೆವು. ಮನುಷ್ಯರಿಗೆ ಬರಲು ಇನ್ನೂ ಕಾಲ ಬೇಕು, ಅವಸರ ಬೇಡ ಎಂದರು ಪ್ರಯೋಗಾಲಯದ ಹಿರಿಯರು. ನಿಜವೇ. ಈಗ ನನಗೆ ಅವಸರ ಮಾಡುವವರು ಯಾರೂ ಇಲ್ಲ.